ಹದದಣ್ಣನ ಉಪ್ಪಿನ ಡಬ್ಬಿ

ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದಾರ ಸುತ್ತುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ಹದದಣ್ಣ. ಅಷ್ಟು ಜನರ ಅಡುಗೆಗೆ ಅವನು ಉಪ್ಪನ್ನು ಎಂದೂ ಅಳೆದು ಹಾಕಿದವನಲ್ಲ. ಕೊಪ್ಪರಿಗೆಗೆ ಸೌಟು ಅದ್ದಿ, ಎಡಗೈಯ ಹಿಂಬದಿಗೆ ಒಂದು ತೊಟ್ಟು ಬಿಟ್ಟುಕೊಂಡು, ನಾಲಿಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆದಾಗ ತೀರ್ಪು ಸಿದ್ಧ. ಊಟದ ಮೇಜುಗಳ ಮೇಲೆ ನೀರಿನ ಜಗ್ಗು ಇರುತ್ತಿತ್ತೇ ಹೊರತು ಉಪ್ಪಿನ ಬಟ್ಟಲು ಇರುತ್ತಿರಲಿಲ್ಲ. ಹೊಸಬರು ಯಾರಾದರೂ ಕೇಳಿದರೆ, "ಉಪ್ಪು ಕೇಳೋದೂ ಒಂದೇ, ನನ್ನ ಮುಖಕ್ಕೆ ಉಗಿಯೋದೂ ಒಂದೇ" ಎಂದು ಗದರುತ್ತಿದ್ದ. ಸ್ವಲ್ಪ ಜಂಬ ಇತ್ತು ಅನ್ನಿ. ಕೆಲಸ ಬಲ್ಲವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಆ ಜಂಬದಲ್ಲಿ ಅವನ ಹೆಂಡತಿಗೂ ಪಾಲಿತ್ತು. ಅವಳು ಬೀದಿಯ ತುದಿಯ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡನ ದುಂಡನೆಯ ಹೊಟ್ಟೆಯನ್ನು ಯಾರಾದರೂ ಆಡಿಕೊಂಡರೆ ಅವನದೇ ಮಾತನ್ನು ತಿರುಗಿಸಿ ಹೇಳುತ್ತಿದ್ದಳು: "ಅಡುಗೆಯವನ ಹೊಟ್ಟೆ ಅಂದ್ರೆ ಅಂಗಡಿ ಬೋರ್ಡು. ಚಿಕ್ಕದಿದ್ರೆ ಯಾರೂ ಒಳಗೆ ಬರಲ್ಲ."

ಆ ಬೋರ್ಡು ಸಣ್ಣಗಾಗತೊಡಗಿತು. ಗಿರಣಿಯಲ್ಲಿ ಎರಡನೇ ಪಾಳಿ ಶುರುವಾಗಿ ಕ್ಯಾಂಟೀನಿನ ಕೆಲಸ ದುಪ್ಪಟ್ಟಾದ ಕಾಲ ಅದು. ಮೊದಮೊದಲು ಅವಳು ಹಿಗ್ಗಿದಳು, ಗಂಡ ಹರೆಯದವನ ಹಾಗೆ ಕಾಣುತ್ತಾನೆ ಎಂದು. ಆಮೇಲೆ ಬೆಲ್ಟಿಗೆ ಬಿಸಿ ಮೊಳೆಯಿಂದ ಹೊಸ ತೂತು ಕೊರೆದಳು. ಅದರ ಹಿಂದೆ ಇನ್ನೊಂದು. ಬೆಳಿಗ್ಗೆ ಎದ್ದವನು ಮಂಚದ ಅಂಚಿನಲ್ಲೇ ಕೂತುಬಿಡುತ್ತಿದ್ದ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದ.

"ಏನಾಗ್ತಿದೆ ರೀ ನಿಮಗೆ?"

"ಏನಿಲ್ಲ ಕಣೇ. ಎರಡು ಪಾಳಿ ಅಲ್ವಾ, ಮೈ ಹಿಂಡಿ ಹಿಪ್ಪೆ ಆಗಿದೆ ಅಷ್ಟೆ."

ಎಲ್ಲರೂ ಹೇಳಿದ್ದು ಅದನ್ನೇ. ಗಿರಣಿಯ ದವಾಖಾನೆಯಲ್ಲಿ ಸಾಲು ಉದ್ದ ಇತ್ತು. ಡಾಕ್ಟರು ತಲೆ ಎತ್ತದೆಯೇ ಕೆಲಸದ ಒತ್ತಡ ಎಂದರು, ಕೆಂಪು ಟಾನಿಕ್ ಬರೆದರು. ಟಾನಿಕ್ ಸಿಹಿಯಾಗಿತ್ತು. ಅವನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ಬಾಟಲಿಯನ್ನು ಕಿಟಕಿಯ ಮೇಲಿಟ್ಟ.

ಅವನಿಗೆ ಬೇಕಾಗಿದ್ದುದು ಉಪ್ಪು. ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಗುಡ್ಡೆ ಹಾಕಿಕೊಳ್ಳುತ್ತಿದ್ದ. ಬರೀ ಉಪ್ಪನ್ನೇ ಅಂಗೈಗೆ ಸುರಿದುಕೊಂಡು ಮಕ್ಕಳು ಸಕ್ಕರೆ ನೆಕ್ಕುವ ಹಾಗೆ ನೆಕ್ಕುತ್ತಿದ್ದ. ಬಣ್ಣವೂ ಕೆಟ್ಟಿತು. ಬೆರಳ ಗೆಣ್ಣುಗಳು ಕಪ್ಪಾದವು, ಅಂಗೈ ಗೆರೆಗಳು ಶಾಯಿ ಇಳಿದಂತಾದವು, ನಕ್ಕರೆ ಒಸಡೂ ಕಪ್ಪು. ಒಲೆಯ ಮಸಿ ಎಂದುಕೊಂಡು ಅವಳು ಆ ಕೈಗಳನ್ನು ಬಕೆಟ್ಟಿಗೆ ಅದ್ದಿ ಕಲ್ಲಿನಿಂದ ಉಜ್ಜಿದಳು. ಚರ್ಮ ಕೆಂಪಾಯಿತು, ಕಪ್ಪು ಹೋಗಲಿಲ್ಲ.

"ಬಿಡೇ, ಪಾತ್ರೆ ಅಂದ್ಕೊಂಡ್ಯಾ ನನ್ನ?" ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಕ್ಯಾಂಟೀನಿನಲ್ಲಿ ಜನ ಅರ್ಧ ಊಟ ಬಿಟ್ಟು ಏಳತೊಡಗಿದರು. ಬೇಳೆಯನ್ನು ಬಾಯಿಗಿಡುವಂತಿರಲಿಲ್ಲ, ಅಷ್ಟು ಉಪ್ಪು. ಹದದಣ್ಣನಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಅವನು ಎಂದಿನಂತೆ ಕೈಯ ಹಿಂಬದಿಗೆ ತೊಟ್ಟು ಬಿಟ್ಟುಕೊಂಡು, ನೆಕ್ಕಿ, ಸಪ್ಪೆ ಎನ್ನಿಸಿ ಇನ್ನೊಂದು ಹಿಡಿ ಹಾಕುತ್ತಿದ್ದ. ಕೊನೆಗೆ ಮ್ಯಾನೇಜರೇ ತಟ್ಟೆ ಹಿಡಿದು ಒಳಗೆ ಬಂದರು. "ನಿನ್ನ ನಾಲಿಗೆ ಸತ್ತುಹೋಗಿದೆ ಕಣಯ್ಯಾ" ಎಂದರು, ಎಲ್ಲರ ಮುಂದೆ. ಮರುದಿನದಿಂದ ಒಲೆ ಎರಡನೇ ಅಡುಗೆಯವಳ ಕೈಗೆ ಹೋಯಿತು, ಹದದಣ್ಣ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕಕ್ಕೆ. ಆ ಸಂಜೆ ಅವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಹೊದಿಸಲು ಹೋದ ಹೆಂಡತಿಯ ಕೈಗೆ ಅವನ ಬೆನ್ನೆಲುಬು ತಾಗಿತು. ಮಾನ ಹೋಯಿತು, ಅದು ಇರಲಿ. ಮನುಷ್ಯನೇ ಕೈ ತಪ್ಪುತ್ತಿದ್ದಾನಲ್ಲ! ಪಕ್ಕದ ಮನೆಯಾಕೆ, ಗಂಡನಿಗೆ ಲಕ್ವ ಹೊಡೆದು ಹಾಸಿಗೆಯಲ್ಲಿಟ್ಟುಕೊಂಡವಳು, ಕಿವಿಯಲ್ಲಿ ಹೇಳಿದಳು: "ಉಪ್ಪೇ ಕಣಮ್ಮ ಇದಕ್ಕೆಲ್ಲ ಮೂಲ. ನಮ್ಮವರಿಗೆ ಡಾಕ್ಟರು ಮೊದಲು ಬಿಡಿಸಿದ್ದೇ ಅದನ್ನ. ಒಳಗಿಂದ ತಿಂದು ಹಾಕುತ್ತೆ ಅದು." ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಇಲ್ಲಿಯವರೆಗೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಇವಳೊಬ್ಬಳು ಹೇಳಿದಳು. ಉಪ್ಪಿನ ಡಬ್ಬಿ ಅಂದೇ ಬೀರುವಿನೊಳಗೆ, ಮಡಿಸಿಟ್ಟ ಬಟ್ಟೆಗಳ ಅಡಿಗೆ ಹೋಯಿತು. ಬೀಗದ ಕೈ ಅವಳ ಕೊರಳಿನ ದಾರಕ್ಕೆ ಬಂತು. ಅಡುಗೆಯೂ ಸಪ್ಪೆ. ಅವನಿಗೆ ಜೊತೆಯಾಗಲಿ ಎಂದು ತಾನೂ ಸಪ್ಪೆಯನ್ನೇ ಉಂಡಳು, ಪ್ರೀತಿಯಿಂದಲೇ.

ಅವನು ಮೊದಲು ರೇಗಿದ, ಆಮೇಲೆ ರಮಿಸಿದ.

"ಒಂದು ಚಿಟಿಕೆ ಕೊಡೇ. ನಾಲಿಗೆ ಅಲ್ಲ, ಮೈಯೇ ಕೇಳ್ತಿದೆ."

"ಕುಡುಕರೂ ಹೀಗೇ ಹೇಳೋದು. ನಿಮ್ಮ ದಮ್ಮಯ್ಯ, ಸ್ವಲ್ಪ ದಿನ ಬಾಯಿ ಕಟ್ಟಿ. ಮತ್ತೆ ಒಲೆ ಮುಂದೆ ನಿಂತ್ಕೋಬೇಕು ನೀವು."

ಅವನು ಬಾಯಿ ಕಟ್ಟಿದ. ಹೆಂಡತಿಯ ಮಾತಿನಲ್ಲಿ ನಂಬಿಕೆ ಇತ್ತೋ, ಜಗಳವಾಡುವ ಕಸುವೇ ಇರಲಿಲ್ಲವೋ. ಚಳಿಗಾಲದ ಮಾಮೂಲಿ ಶೀತಜ್ವರ ಬೀದಿಯ ಎಲ್ಲರಿಗೂ ಬಂತು. ಎಲ್ಲರಿಗೂ ಬಂದ ಹಾಗೇ ಹೋಯಿತು. ಅವನಿಗೆ ಬಂದದ್ದು ಹೋಗಲಿಲ್ಲ. ವಾಂತಿ, ಹೊಟ್ಟೆನೋವು, ಆಮೇಲೆ ಮಾತು ತೊದಲಿತು. ಅವಳು ಆಟೋದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಎಷ್ಟು ಹಗುರವಾಗಿದ್ದ ಎಂದರೆ, ಇಳಿಸುವಾಗ ಆಟೋದವನೊಬ್ಬನೇ ಎತ್ತಿಕೊಂಡ.

ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವನ ಗೆಣ್ಣು ನೋಡಿದಳು, ತುಟಿ ಸರಿಸಿ ಒಸಡು ನೋಡಿದಳು, ನರ್ಸಿಗೆ ಕೂಗಿ ಏನೋ ಹೇಳಿದಳು. ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು. ಆಮೇಲೆ ಇವಳ ಕಡೆ ತಿರುಗಿ ಕೇಳಿದಳು: "ಅಮ್ಮಾ, ಇವರು ಉಪ್ಪು ಬೇಕು ಬೇಕು ಅಂತಿದ್ರಾ?"

ಬೇರೆ ಏನನ್ನು ಕೇಳಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು.

"ಅಂತಿದ್ರು" ಎಂದಳು. "ನಾನು ಕೊಡ್ಲಿಲ್ಲ."

ಡಾಕ್ಟರು ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ನಿಧಾನವಾಗಿ ಹೇಳಿದಳು. ಮೂತ್ರಪಿಂಡಗಳ ತಲೆಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಮೈಗೆ ಜ್ವರ, ದಣಿವು, ಭಯ ಬಂದಾಗ ಎದ್ದು ನಿಲ್ಲುವ ಕಸುವಿನ ಹಾರ್ಮೋನು ಅಲ್ಲಿಂದಲೇ ಬರಬೇಕು. ಮೈಯ ಉಪ್ಪನ್ನು ಹಿಡಿದಿಡುವುದೂ ಅಲ್ಲಿಯ ಕೆಲಸವೇ. ಇವರಿಗೆ ಅವೆರಡೂ ಒಣಗಿಹೋಗಿವೆ. ಅದಕ್ಕೇ ತೂಕ ಇಳಿದದ್ದು, ಕಪ್ಪಾದದ್ದು, ಎಷ್ಟು ತಿಂದರೂ ಉಪ್ಪು ಮೈಯಲ್ಲಿ ನಿಲ್ಲದೆ ಸೋರಿಹೋದದ್ದು. "ಮಾತ್ರೆ ಇದೆ ಅಮ್ಮಾ, ದಿನಾ ತಗೊಂಡ್ರೆ ಬದುಕಬಹುದು. ಮೊದಲೇ ಗೊತ್ತಾಗಬೇಕಿತ್ತು. ಬರೀ ಉಪ್ಪು ಕೊಟ್ಟಿದ್ರೂ ಸಾಲ್ತಿರಲಿಲ್ಲ, ನಿಮ್ಮನ್ನ ನೀವು ಬೈಕೋಬೇಡಿ."

ಒಳ್ಳೆಯ ಹುಡುಗಿ, ನಿಜವನ್ನೇ ಹೇಳಿದಳು. ಇವಳ ಕಿವಿಗೆ ಬಿದ್ದದ್ದು ಉಪ್ಪು ಸೋರಿಹೋದ ಮಾತು ಮಾತ್ರ. ಬೆಳಗಾಗುವುದರೊಳಗೆ ಹದದಣ್ಣ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಗಿರಣಿಯ ಜನ. ಕ್ಯಾಂಟೀನಿನಿಂದ ಅನ್ನ, ಬೇಳೆ ಬಂದಿತ್ತು. ಎರಡನೇ ಅಡುಗೆಯವಳು ಅಳುತ್ತಲೇ ಬಡಿಸಿದಳು. ಉಪ್ಪು ಹೆಚ್ಚಾಯಿತೆಂದು ಹದದಣ್ಣನನ್ನು ಒಲೆಯಿಂದ ತೆಗೆದ ದಿನದಿಂದ ಅವಳ ಕೈ ಉಪ್ಪಿಗೆ ಹಿಂಜರಿಯುತ್ತಿತ್ತು. ಜನ ತಲೆ ತಗ್ಗಿಸಿ ಸಪ್ಪೆ ಊಟವನ್ನು ನುಂಗಿದರು. ಹದದಣ್ಣನ ಮನೆಯಲ್ಲಿ ಉಪ್ಪು ಕೇಳುವುದುಂಟೇ? ಕೊನೆಗೆ ಬಾಗಿಲ ಬಳಿ ಕೂತಿದ್ದ ಮುದುಕನೊಬ್ಬ, ಗಿರಣಿಯ ಕಾವಲುಗಾರ, ತಡೆಯಲಾರದೆ ಮೆಲ್ಲಗೆ ಕೇಳಿದ:

"ತಂಗೀ, ತಪ್ಪು ತಿಳೀಬೇಡವ್ವ. ಒಂದು ಚಿಟಿಕೆ ಉಪ್ಪಿದ್ಯಾ?"

ಹದದಣ್ಣನ ಹೆಂಡತಿ ಎದ್ದಳು. ಕೊರಳ ದಾರದಿಂದ ಬೀಗದ ಕೈ ಬಿಚ್ಚಿ, ಬೀರು ತೆರೆದು, ಅವನ ಸಡಿಲ ಪ್ಯಾಂಟು, ತೂತು ಬಿದ್ದ ಬೆಲ್ಟು ಸರಿಸಿ, ಅಡಿಯಿಂದ ಡಬ್ಬಿ ತೆಗೆದಳು. ಮೊದಲು ಮುದುಕನ ತಟ್ಟೆಗೆ ಹಾಕಿದಳು. ಆಮೇಲೆ ಪಂಕ್ತಿಯಲ್ಲಿ ಒಬ್ಬೊಬ್ಬರ ಮುಂದೆಯೂ ಬಗ್ಗಿ, ಬೇಕಾ, ಇನ್ನೂ ಬೇಕಾ ಎಂದು ಕೇಳಿ ಕೇಳಿ, ಡಬ್ಬಿ ಬರಿದಾಗುವವರೆಗೂ ಬಡಿಸಿದಳು.