ಉಳಿದ ಮೂರು ಚೆಂಡು

ಬಾಗಿಲ ಮುಂದಿನ ಕಾಲೊರೆಸುವ ನಾರಿನ ಚಾಪೆ ಆಚೆಮೊನ್ನೆಯ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿತ್ತು. ಹೆಂಡತಿ ಅದನ್ನು ಕಂಪೌಂಡಿನ ಗೋಡೆಯ ಮೇಲೆ ಒಣಹಾಕಿದ್ದಳು. ಬಿಸಿಲು ಬಿದ್ದಂತೆ ಅದರಿಂದ ವಾಸನೆ ಏಳತೊಡಗಿತು. ತೆಂಗಿನ ನಾರು, ಹಸಿ ಮಣ್ಣು, ಎಲ್ಲೋ ಒಂದಿಷ್ಟು ಮುಗ್ಗಲು... ಹತ್ತಿರ ಹೋಗಿ ಮೂಗು ಹಚ್ಚಿದೆ. ತಲೆ ಅರ್ಧ ನರೆತ ಸರಕಾರಿ ನೌಕರನೊಬ್ಬ ಕಾಲೊರೆಸುವ ಚಾಪೆಯನ್ನು ಮೂಸುತ್ತ ನಿಂತದ್ದನ್ನು ಚಂದಾಪುರದ ನಮ್ಮ ಓಣಿಯಲ್ಲಿ ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ. ನೋಡಿದ್ದರೂ ನೋಡಿರಬಹುದು. ಎರಡು ದಿನದಿಂದ ಅದೂ ಒಂದು ಚಿಂತೆ.

ಚಿಂತೆ ಮಾಡುವುದು ನನಗೆ ನೌಕರಿಗಿಂತ ಹಳೆಯ ಕಸುಬು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಬಸ್ಸು ಹತ್ತಿ ಕುಳಿತ ಮೇಲೆ, ಮೂರು ಸಲ ಜಗ್ಗಿದ್ದಕ್ಕೇ ಬೀಗ ಸಡಿಲಾಯಿತೇನೋ ಎನ್ನಿಸುತ್ತದೆ. ಇಂಥವನನ್ನು ಇಪ್ಪತ್ತೆರಡು ವರ್ಷಗಳ ಹಿಂದೆ ಶಹಾಬಾದಿನ ಕ್ರಿಕೆಟ್ ಕ್ಲಬ್ಬೊಂದು ಕ್ಯಾಪ್ಟನ್ ಮಾಡಿತ್ತು. ನನಗೆ ಆಟ ಬರುತ್ತಿತ್ತೆಂದಲ್ಲ. ಲೀಗಿನ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಇಡೀ ತಂಡದಲ್ಲಿ ನಾನೊಬ್ಬನೇ ಇದ್ದೆ, ಮತ್ತು ಅರ್ಜಿ ಚೆನ್ನಾಗಿ ಬರೆಯುತ್ತಿದ್ದೆ.

ಆ ವಾಸನೆ ಮಾಮಾನದು. ಮಾಮಾ ನನಗೆ ಸಂಬಂಧಿಯಲ್ಲ, ತಂಡದಲ್ಲಿ ಯಾರಿಗೂ ಅಲ್ಲ. ಭಂಕೂರಿನವರು, ಹಾಸುಗಲ್ಲು ಒಡೆಯುವ ಕೆಲಸ. ವಾರವಿಡೀ ಖಣಿಯಲ್ಲಿ ಕಲ್ಲು, ಭಾನುವಾರ ನಮ್ಮ ಪಿಚ್ಚು. ನಮ್ಮ ಮೈದಾನದಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಗಟ್ಟಿಸಿದ ನೆಲದ ಮೇಲೆ ಉದ್ದನೆಯ ನಾರಿನ ಚಾಪೆ ಹಾಸಿ, ಸುತ್ತಲೂ ಗೇಣುದ್ದದ ಮೊಳೆ ಹೊಡೆದು ಬಿಗಿದರೆ ಅದೇ ಪಿಚ್ಚು. ನಾವೆಲ್ಲ ಮ್ಯಾಟ್ ಎನ್ನುತ್ತಿದ್ದೆವು, ಮಾಮಾ ಚಾಪಿ ಎನ್ನುತ್ತಿದ್ದರು. ಕಲ್ಲಿಗೆ ಸುತ್ತಿಗೆ ತಾಗಿಸಿ ಒಳಗೆ ಬಿರುಕಿದೆಯೋ ಇಲ್ಲವೋ ಎಂದು ಕಿವಿಯಿಂದಲೇ ಹೇಳುವ ಮನುಷ್ಯ. ಮೊಳೆ ಹೊಡೆಯುವಾಗಲೂ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಸದ್ದು ಮನಸ್ಸಿಗೆ ಬರದಿದ್ದರೆ ಕಿತ್ತು, ನಾಲ್ಕು ಬೆರಳು ಆಚೆಗೆ ಮತ್ತೆ ಹೊಡೆಯುವುದು. ಅವರು ಬಿಗಿದ ಚಾಪೆಯ ಮೇಲೆ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ನಾವು ಬ್ಯಾಟು ಬೀಸಿದ್ದು ಮಾತ್ರ ಕೇಳುತ್ತಿರಲಿಲ್ಲ.

ಕ್ರಿಕೆಟ್ಟಿನ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆಟ ನಡೆದಷ್ಟು ಹೊತ್ತು ಬೌಂಡರಿಯಾಚೆ ಕುಕ್ಕರಗಾಲಲ್ಲಿ ಕುಳಿತು ಒಮ್ಮೆ ಆಕಾಶ, ಒಮ್ಮೆ ಚಾಪೆ ನೋಡುತ್ತಿದ್ದರು. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಗೆದ್ದಿರೇನೆಂದು ಕೇಳುವುದು ಪದ್ಧತಿ. ಸೋತೆವು ಮಾಮಾ ಎಂದರೆ ಉತ್ತರವೂ ಪ್ರತಿ ಸಲ ಒಂದೇ.

“ಇರ್ಲಿ ಬಿಡ್ರಿ ಕ್ಯಾಪ್ಟನ್ ಸಾಬ. ಚಾಪಿ ಛಲೋ ಅದ.”

ಅಂಥವರನ್ನು ನಾನು ಒಮ್ಮೆ ಎಲ್ಲರೆದುರು ಬೈದಿದ್ದೆ. ನಾನು ಹೇಳಹೊರಟ ಪಂದ್ಯದ ಹಿಂದಿನ ವರ್ಷದ ಮಾತು. ಆಟದ ನಡುವೆ ಮಳೆ ಬಂದಿತ್ತು. ಅಂಪೈರು ಹೇಳುವವರೆಗೆ ಮೈದಾನದೊಳಗೆ ಕಾಲಿಡಬಾರದೆಂದು ಮಾಮಾ ಕಾದರು, ಅಂಪೈರು ಟೋಪಿ ಸರಿಮಾಡಿಕೊಳ್ಳುತ್ತ ನಿಂತರು, ಅಷ್ಟರಲ್ಲಿ ಚಾಪೆ ನೀರು ಕುಡಿದು ಎಮ್ಮೆಯ ಹಾಗಾಯಿತು. ಆಮೇಲೆ ಅದು ಒಣಗಲೇ ಇಲ್ಲ. ಒಂದು ಮಗ್ಗುಲು ಕುಗ್ಗಿ, ನಡುವೆ ಕೊಳೆತು ಹೋಯಿತು. ಹೊಸ ಚಾಪೆಗೆ ನಾನು ಏಳು ಅರ್ಜಿ ಬರೆಯಬೇಕಾಯಿತು. ಏಳನೆಯದಕ್ಕೆ ಚಾಪೆ ಬಂತು. ಅಂದಿನಿಂದ ನನ್ನ ಚಿಂತೆಗಳ ಪಟ್ಟಿಯಲ್ಲಿ ಮೊದಲನೆಯದು ಅದೇ.

ಆ ಪಂದ್ಯ ಸೆಪ್ಟೆಂಬರಿನಲ್ಲಿ, ವಾಡಿ ತಂಡದವರ ಮೇಲೆ. ಗೆದ್ದರೆ ಮೇಲಿನ ಡಿವಿಜನ್ನಿನಲ್ಲಿ ಉಳಿಯುತ್ತೇವೆ, ಸೋತರೆ ಕೆಳಗೆ. ಬೆಳಿಗ್ಗೆ ಎದ್ದವನೇ ಆಕಾಶ ನೋಡಿದೆ. ಮೋಡ ಇರಲಿಲ್ಲ. ಇಲ್ಲವಲ್ಲ ಎಂದೇ ಹೆದರಿಕೆಯಾಯಿತು. ಮೈದಾನಕ್ಕೆ ಹೋದಾಗ ಮಾಮಾ ಕೊನೆಯ ಮೊಳೆ ಹೊಡೆಯುತ್ತಿದ್ದರು. ನನ್ನ ಮುಖ ನೋಡಿ ನಕ್ಕು, ರಾತ್ರಿ ನಿದ್ದೆ ಮಾಡಿಲ್ಲೇನು ಎಂದರು. ನಾನು ಅವರನ್ನು ಪಕ್ಕಕ್ಕೆ ಕರೆದು, ಇವತ್ತು ಒಂದು ಹನಿ ಬಿದ್ದರೂ ಯಾರನ್ನೂ ಕೇಳಬೇಡಿ, ಸೀದಾ ಹೋಗಿ ಚಾಪೆ ಎಬ್ಬಿಸಿ ಎಂದೆ. ಅವರು ಸುತ್ತಿಗೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

“ಮತ್ತ ಅಂಪೈರ್ ಸಾಬ್ರು ಏನಾರ ಅಂದ್ರ?”

“ನೀವು ಚಾಪಿ ಸುತ್ರಿ ಮಾಮಾ. ಉಳಿದದ್ದು ನಾ ನೋಡ್ಕೋತೀನಿ.”

ನೋಡ್ಕೋತೀನಿ... ಆ ಮಾತನ್ನು ಕೇಳಿದವರು ನಾವಿಬ್ಬರೇ.

ಮೂವತ್ತು ಓವರಿನ ಆಟ. ವಾಡಿಯವರು ಮೊದಲು ಆಡಿ ನೂರೈವತ್ತು ಹೊಡೆದರು, ಅಂದರೆ ಓವರಿಗೆ ಐದು. ಅವರಿಗೆ ಸಂಜೆಯ ಪ್ಯಾಸೆಂಜರ್ ಹಿಡಿಯಬೇಕಿತ್ತು, ಗಡಿಬಿಡಿಯಲ್ಲೇ ಆಡಿದರು. ನಾವು ಆಡಲು ಇಳಿದಾಗ ದಂಡೋತಿಯ ಕಡೆ ಆಕಾಶ ಕಪ್ಪಗಾಗತೊಡಗಿತ್ತು. ನಾನು ನಾಲ್ಕು ರನ್ನು ಮಾಡಿ ಔಟಾಗಿ ಬೇವಿನ ಮರದಡಿ ಸ್ಕೋರು ಪುಸ್ತಕ ಇಟ್ಟುಕೊಂಡು ಕುಳಿತೆ. ಮಳೆಗೆ ಲೀಗಿನಲ್ಲಿ ಒಂದು ನಿಯಮವಿತ್ತು. ಆಟ ಅಲ್ಲಿಗೇ ನಿಂತುಹೋದರೆ, ಎರಡನೆಯವರು ಪೂರ್ತಿ ಆಡಿದ ಓವರುಗಳನ್ನು ಮಾತ್ರ ಹಿಡಿದು, ಮೊದಲು ಆಡಿದವರ ಸರಾಸರಿಗೆ ಹೋಲಿಸುವುದು. ಅರ್ಧಕ್ಕೆ ನಿಂತ ಓವರು ಲೆಕ್ಕಕ್ಕಿಲ್ಲ, ಅದರಲ್ಲಿ ಹೊಡೆದ ರನ್ನೂ ಇಲ್ಲ.

ಇಪ್ಪತ್ತು ಓವರು ಮುಗಿದಾಗ ನಮ್ಮದು ತೊಂಬತ್ತೊಂಬತ್ತು. ವಾಡಿಯವರ ಸರಾಸರಿಯಲ್ಲಿ ನೂರು ಆಗಬೇಕಿತ್ತು. ಒಂದು ಕಡಿಮೆ. ಇಪ್ಪತ್ತೊಂದನೆಯ ಓವರಿನಲ್ಲಿ, ನಮ್ಮ ತಂಡದಲ್ಲಿ ನಿಜವಾಗಿ ಆಟ ಬರುತ್ತಿದ್ದ ಒಬ್ಬನೇ ಒಬ್ಬ, ರೈಲ್ವೆ ಗೇಟಿನ ಹತ್ತಿರದ ಎಡಗೈ ಆಟಗಾರ, ಮೊದಲ ಎರಡು ಚೆಂಡಿಗೆ ನಾಲ್ಕು ನಾಲ್ಕು, ಮೂರನೆಯದಕ್ಕೆ ಎರಡು ಹೊಡೆದ. ನೂರಾ ಒಂಬತ್ತು. ಇಪ್ಪತ್ತೊಂದು ಓವರಿಗೆ ನೂರಾ ಐದು ಆದರೆ ಸಮ. ಉಳಿದ ಮೂರು ಚೆಂಡನ್ನು ಅವನು ಸುಮ್ಮನೆ ತಡೆದು ನಿಂತರೂ ಸಾಕಿತ್ತು, ಆಮೇಲೆ ಬೇಕಾದಷ್ಟು ಮಳೆ ಬರಲಿ. ಆಗ ಮೊದಲ ಹನಿ ಬಿತ್ತು. ಅಂಪೈರು ಆಕಾಶ ನೋಡಿ, ಮೂರು ಬೆರಳು ತೋರಿಸಿ, ಓವರು ಮುಗಿಸಿಬಿಡಿ ಎಂದು ಬೌಲರಿಗೆ ಕೈಮಾಡಿದರು. ನಾನು ತಲೆ ತಗ್ಗಿಸಿ ಪುಸ್ತಕದ ಅಂಚಿನಲ್ಲಿ ಅದೇ ಗುಣಾಕಾರವನ್ನು ನಾಲ್ಕನೆಯ ಸಲ ಮಾಡುತ್ತಿದ್ದೆ.

ಮಾಮಾ ಆಗ ಒಮ್ಮೆ ನನ್ನ ಕಡೆ ನೋಡಿದರಂತೆ. ಪಕ್ಕದಲ್ಲಿ ಕುಳಿತವರು ಆಮೇಲೆ ಹೇಳಿದರು.

ತಲೆ ಎತ್ತಿದಾಗ ಅವರು ಪಿಚ್ಚಿನ ನಡುವೆ ಇದ್ದರು. ಸುತ್ತಿಗೆಯ ಹಿಂಬದಿಯಿಂದ ಮೊಳೆಗಳನ್ನು ಚಕಚಕನೆ ಕೀಳುತ್ತಿದ್ದರು. ಬೌಲರು ಅರ್ಧ ಓಡಿ ಬಂದು ನಿಂತುಬಿಟ್ಟ. ನಾನು ಕೂಗಬಹುದಿತ್ತು, ಕೂಗಿದೆನೋ ಇಲ್ಲವೋ ನೆನಪಿಲ್ಲ. ಒಂದು ಮಗ್ಗುಲಿನ ಮೊಳೆಯೆಲ್ಲ ಹೋಗಿ ಚಾಪೆಯ ತುದಿ ಗಾಳಿಗೆ ಎದ್ದಿತು. ಅದನ್ನು ಮತ್ತೆ ಬಿಗಿಯಲು ಏನಿಲ್ಲವೆಂದರೂ ಹತ್ತು ನಿಮಿಷ ಬೇಕು. ಎರಡು ನಿಮಿಷವೂ ಸಿಗಲಿಲ್ಲ. ಮಳೆ ಧೋ ಎಂದು ಸುರಿಯಿತು, ಸಂಜೆಯವರೆಗೆ ನಿಲ್ಲಲಿಲ್ಲ. ನಿಮ್ಮ ಮನುಷ್ಯನೇ ಚಾಪೆ ಕಿತ್ತರೆ ನಾನೇನು ಮಾಡಲಿ ಎಂದರು ಅಂಪೈರು. ತಪ್ಪೇನಿಲ್ಲ. ಲೆಕ್ಕಕ್ಕೆ ಹಿಡಿದದ್ದು ಇಪ್ಪತ್ತೇ ಓವರು, ಒಂದು ರನ್ನಿನಿಂದ ಸೋತೆವು.

ಚಾಪೆಯ ಒಳಮೈ ಮಾತ್ರ ಒಂದಿಷ್ಟೂ ತೊಯ್ದಿರಲಿಲ್ಲ. ಅದನ್ನು ಸುತ್ತಿ, ಹೆಗಲ ಮೇಲೆ ಹೊತ್ತು, ಕ್ಲಬ್ಬಿನ ತಗಡಿನ ಕೋಣೆಗೆ ತಂದು ಇಳಿಸಿ ಮಾಮಾ ನನ್ನ ಹತ್ತಿರವೇ ಬಂದರು. ಮೈಯಿಂದ ನೀರು ಇಳಿಯುತ್ತಿತ್ತು, ಮುಖದ ಮೇಲೆ ನಗು ಇತ್ತು. ಗೆದ್ದಿರೇನೆಂದು ಕೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಎಡಗೈ ಹುಡುಗ ಬ್ಯಾಟನ್ನು ಗೋಡೆಗೆ ಎಸೆದ.

“ಚಾಪಿ ಮನಿಗಿ ಒಯ್ದು ಅದರ ಮ್ಯಾಲೇ ಮಲ್ಕೋರಿ ಮಾಮಾ. ನಮ್ಮ ಕೈಯಾಗಿನ ಮ್ಯಾಚ್ ಕಿತ್ತು ಕೊಟ್ರಿ.”

ಇನ್ನೊಬ್ಬ ನಕ್ಕು, ಮಧ್ಯಾಹ್ನ ವಾಡಿಯವರ ಜೊತೆ ಕುಳಿತು ಚಹಾ ಕುಡಿದದ್ದು ಇದಕ್ಕೇ ಏನೋ ಎಂದ. ಅದು ತಮಾಷೆಗೆ ಅಂದದ್ದಿರಬಹುದು. ಆದರೆ ಬೇರೆ ಯಾರೂ ನಗಲಿಲ್ಲ. ಮಾಮಾ ನನ್ನನ್ನು ನೋಡಿದರು. ಕಲ್ಲಿಗೆ ಸುತ್ತಿಗೆ ತಾಗಿಸಿದ ಮೇಲೆ ತಲೆ ವಾಲಿಸಿ ಕಾಯುತ್ತಿದ್ದರಲ್ಲ, ಹಾಗೆ ನೋಡಿದರು. ನಾನು ಹೇಳಿದ್ದಕ್ಕೇ ಕಿತ್ತರು ಎಂದರೆ ಮುಗಿಯುತ್ತಿತ್ತು. ಒಂದು ವಾಕ್ಯ. ಏಳು ಅರ್ಜಿ ಬರೆದವನಿಗೆ ಒಂದು ವಾಕ್ಯ ಬರಲಿಲ್ಲ. ಇಡೀ ತಂಡದ ಸಿಟ್ಟು ನನ್ನ ಕಡೆ ತಿರುಗುತ್ತದೆ ಎಂಬ ಚಿಂತೆಯಲ್ಲಿ, ಒದ್ದೆಯಾಗದ ಸ್ಕೋರು ಪುಸ್ತಕವನ್ನು ಟವೆಲಿನಿಂದ ಒರೆಸುತ್ತ ನಿಂತೆ.

ಮಾಮಾ ಆಮೇಲೆ ಎಲ್ಲರ ಕಡೆ ತಿರುಗಿದರು.

“ಹೌದ್ರಿ. ನಂಗೇ ತಿಳೀಲಿಲ್ಲ. ನಂದೇ ತಪ್ಪ್ ಅದ.”

ಮುಂದಿನ ಭಾನುವಾರ ಅವರು ಬರಲಿಲ್ಲ. ಕೋಣೆಯ ಬಾಗಿಲ ಹಿಂದೆ ಅವರ ಸುತ್ತಿಗೆ ಇತ್ತು, ಪಕ್ಕದಲ್ಲಿ ಎಣ್ಣೆ ಸವರಿದ ಮೊಳೆಗಳ ಡಬ್ಬಿ. ನಾವೇ ಚಾಪೆ ಹಾಸಿದೆವು. ಎರಡನೆಯ ಓವರಿಗೇ ನಡುವೆ ಸುಕ್ಕು ಬಿತ್ತು. ಭಂಕೂರಿಗೆ ಹೋಗಿ ಕರೆದು ತರುತ್ತೇನೆಂದು ಪ್ರತಿ ವಾರ ಅಂದುಕೊಂಡೆ. ಹೋದರೆ ಏನು ಹೇಳುವುದೆಂದು ಚಿಂತಿಸುವುದರಲ್ಲಿ ವರ್ಷ ಕಳೆಯಿತು, ನನಗೆ ನೌಕರಿ ಸಿಕ್ಕು ಊರು ಬಿಟ್ಟೆ. ಕ್ಲಬ್ಬು ಕೆಳಗಿನ ಡಿವಿಜನ್ನಿನಲ್ಲಿ ಎರಡು ವರ್ಷ ಏಗಿ ಮುಚ್ಚಿಹೋಯಿತು.

ಆಮೇಲೆ ಅವರು ಒಮ್ಮೆ ಸಿಕ್ಕಿದ್ದರು, ಶಹಾಬಾದಿನ ಬಸ್ ನಿಲ್ದಾಣದಲ್ಲಿ. ಬಹಳ ಸಣ್ಣಗಾಗಿದ್ದರು, ಕೆಮ್ಮು ಇತ್ತು. ನನ್ನನ್ನು ಗುರುತಿಸಿದವರು ಅವರೇ. ನೌಕರಿ, ಮಕ್ಕಳು ಎಲ್ಲ ಕೇಳಿದ ಮೇಲೆ, ಚಾಪೆ ಹೇಗಿದೆ ಎಂದರು. ಚಾಪೆಯನ್ನು ಆಗಲೇ ಯಾರೋ ತುಂಡು ಮಾಡಿ ದನದ ಕೊಟ್ಟಿಗೆಗೆ ಹಾಸಿದ್ದರು. ಇದೇ ಸಮಯ, ಈಗ ಹೇಳಿಬಿಡಬೇಕು ಎಂದುಕೊಂಡೆ. ಸೇಡಂ ಬಸ್ಸು ಬಂತು. ಛಲೋ ಅದ ಮಾಮಾ ಎಂದು ಹೇಳಿ ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರು ಖುಷಿಯಿಂದ ತಲೆಯಾಡಿಸುತ್ತಿದ್ದರು...

ಕಳೆದ ವರ್ಷ ತೀರಿಕೊಂಡರಂತೆ. ಅದು ತಿಳಿದದ್ದೂ ಹಳೆಯ ಆಟಗಾರರ ಮೊಬೈಲ್ ಗುಂಪಿನಿಂದ, ಮೂರು ತಿಂಗಳು ತಡವಾಗಿ. ಆ ಗುಂಪಿನಲ್ಲಿ ಎಲ್ಲಿ ಮಳೆ ಬಂದು ಯಾವ ಪಂದ್ಯ ನಿಂತರೂ ಒಬ್ಬರಲ್ಲ ಒಬ್ಬರು, ಮಾಮಾ ಬಂದ್ರು ನೋಡ್ರೋ, ಮೊಳಿ ಕೀಳ್ತಾರ ಎಂದು ಹಾಕುತ್ತಾರೆ. ಎಲ್ಲರೂ ನಗುವ ಚಿತ್ರ ಒತ್ತುತ್ತಾರೆ. ಇಷ್ಟು ವರ್ಷ ನಾನೂ ಒತ್ತಿದ್ದೇನೆ. ಸುದ್ದಿ ತಿಳಿದ ಮೇಲೂ ಒಮ್ಮೆ.

ಮೊನ್ನೆ ಚಾಪೆ ಮೂಸಿ ಒಳಗೆ ಬಂದವನು ಆ ಗುಂಪಿನಲ್ಲಿ ಬರೆದೆ. ಅವತ್ತು ಹನಿ ಬಿದ್ದ ಕೂಡಲೇ ಯಾರನ್ನೂ ಕೇಳದೆ ಚಾಪೆ ಎಬ್ಬಿಸಲು ಹೇಳಿದವನು ನಾನು, ಮಾಮಾನ ತಪ್ಪು ಏನೂ ಇರಲಿಲ್ಲ ಎಂದು. ಕಳಿಸಿ, ಮೊಬೈಲನ್ನು ಮಗುಚಿಟ್ಟು ಚಹಾ ಕುಡಿದೆ. ತಿರುಗಿಸಿ ನೋಡಿದರೆ ಎಲ್ಲರೂ ಓದಿದ್ದರು. ಬಹಳ ಹೊತ್ತಿನ ಮೇಲೆ ಎಡಗೈಯವನೊಬ್ಬನೇ ಉತ್ತರ ಬರೆದ. “ಅವರಿದ್ದಾಗ ಹೇಳಬೇಕಿತ್ತಲ್ಲೊ.” ಅಷ್ಟೇ. ಆ ಗುಂಪಿನಲ್ಲಿ ಮಾಮಾ ಎಂದೂ ಇರಲಿಲ್ಲ.

ಇವತ್ತು ಮತ್ತೆ ಮೋಡ ಕವಿದಿದೆ. ಈಗಷ್ಟೇ ನಾಲ್ಕು ಹನಿ ಬಿತ್ತು. ನಾನು ಓಡಿಹೋಗಿ ಕಾಲೊರೆಸುವ ಚಾಪೆ ಸುತ್ತಿ ಒಳಗೆ ತಂದೆ. ಅಷ್ಟು ಓಡುವಂಥದ್ದು ಅದರಲ್ಲೇನಿದೆ ಎಂದು ಹೆಂಡತಿ ಕೇಳಿದಳು. ಚಾಪೆ ಒಣಗಿಯೇ ಇದೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೇನೆ.