ಹನ್ನೊಂದು ಗಂಟೆಗೆ ಬಂದು ಹೋಗುವ ಫೈಲುಗಳು

ಡಿಸ್ಕ್ ಸಾಯುತ್ತಿರಬಹುದು. ವೈರಸ್ ಹೊಕ್ಕಿರಬಹುದು. ಯಾವುದೋ ದೇಶದಲ್ಲಿ ಕುಳಿತವನು ನಮ್ಮ ಸರ್ವರ್‌ನೊಳಗೆ ತನ್ನ ಕೆಲಸ ಮಾಡಿಕೊಳ್ಳುತ್ತಿರಬಹುದು. ಬ್ಯಾಕಪ್ ತಪ್ಪು ಹೊತ್ತಿನಲ್ಲಿ ಏಳುತ್ತಿರಬಹುದು. ಯುಪಿಎಸ್ ಬ್ಯಾಟರಿ ಉಬ್ಬಿರಬಹುದು. ಎಸಿ ನೀರು ಗೋಡೆಯೊಳಗೆ ಇಳಿದು ಕೇಬಲ್ ತಲುಪಿರಬಹುದು. ಇಲಿ. ಹೋದ ವಾರ ನಾನು ಹಾಕಿದ ಅಪ್‌ಡೇಟ್. ಹೋದ ವಾರ ನಾನು ಹಾಕದೆ ಬಿಟ್ಟ ಅಪ್‌ಡೇಟ್.

ಈ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿ ಇಂದಿಗೂ ಇದೆ. ಒಟ್ಟು ಹದಿನಾಲ್ಕು ಕಾರಣಗಳು. ಹದಿನಾಲ್ಕನೆಯದು ‘ಗ್ರಹಚಾರ’. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸಾಗುವ ಜಾತಿಯ ಮನುಷ್ಯ ನಾನು. ಗಾಬರಿಗೆ ನನಗೆ ಕಾರಣ ಬೇಕಿಲ್ಲ, ಕಾರಣ ಸಿಕ್ಕರೆ ಅದು ಬೋನಸ್ಸು.

ಮೂರು ವರ್ಷದ ಹಿಂದಿನ ಮಾತು. ಶ್ರೀನಿವಾಸಪುರದ ರಸ್ತೆ ಮಾವಿನಕಾಯಿ ಲಾರಿಗಳಿಂದ ತುಂಬಿಹೋಗಿದ್ದ ದಿನಗಳು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ದನಗಳ ಆರೋಗ್ಯ ದಾಖಲೆ ಇಡುವ ಒಂದು ಸಂಸ್ಥೆಯಲ್ಲಿ ನಾನು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹೆಸರು ದೊಡ್ಡದು. ಮಾಹಿತಿ ಇರುವ ಸರ್ವರ್ ನಿಲ್ಲದಂತೆ ನೋಡಿಕೊಳ್ಳುವುದು ಮತ್ತು ನಿಂತಾಗ ಬೈಸಿಕೊಳ್ಳುವುದು ಕೆಲಸ. ಪ್ರತಿ ಹಸುವಿಗೂ ಹಳದಿ ಕಿವಿಯೋಲೆ, ಅದರ ಮೇಲೊಂದು ಸಂಖ್ಯೆ. ಆ ಸಂಖ್ಯೆಯ ಹೆಸರಿನಲ್ಲಿ ಲಸಿಕೆ, ಗಬ್ಬ, ಕಾಯಿಲೆ, ಕರು, ಜೊತೆಗೊಂದು ಫೋಟೊ ನಮ್ಮಲ್ಲಿ ಕೂಡುತ್ತಿದ್ದವು.

ಬೆಳಗ್ಗೆ ಹನ್ನೊಂದೂವರೆಗೆ ತಾಲ್ಲೂಕಿಗೊಂದರಂತೆ ನಾಲ್ಕು ಚಿಕಿತ್ಸಾ ವಾಹನಗಳು ಹಳ್ಳಿಗಳಿಗೆ ಹೊರಡುತ್ತಿದ್ದವು. ಎಲ್ಲಿ ಯಾವ ಹಸು ಕಾಯುತ್ತಿದೆ ಎಂಬ ಪಟ್ಟಿ ಈ ಸರ್ವರ್‌ನಿಂದಲೇ ಬರಬೇಕು. ಆ ಬೇಸಗೆಯಲ್ಲಿ ಒಂದು ಸೋಮವಾರ ಪಟ್ಟಿ ಬರಲಿಲ್ಲ. ಹನ್ನೊಂದು ಗಂಟೆ ದಾಟುತ್ತಲೇ ಡಿಸ್ಕ್ ತುಂಬಿದೆ ಎಂದು ಸರ್ವರ್ ಕೈಯೆತ್ತಿತು. ನಾನು ಓಡಿ ಹೋಗಿ ನೋಡುವಷ್ಟರಲ್ಲಿ ಅರವತ್ತು ಜಿಬಿ ಜಾಗ ಖಾಲಿ, ಏನೂ ಆಗಿಲ್ಲವೆಂಬಂತೆ. ಪಟ್ಟಿಯನ್ನು ಮೊದಲಿಂದ ತೆಗೆದು ಕೊಡುವಷ್ಟರಲ್ಲಿ ವಾಹನಗಳು ತಡವಾದವು. ಮಂಗಳವಾರ ಹಾಗೆಯೇ. ಬುಧವಾರವೂ.

ಗುರುವಾರ ದೇವರಾಯಸಮುದ್ರದಲ್ಲಿ ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವಿನ ಹತ್ತಿರ ವಾಹನ ಮುಟ್ಟಿದ್ದು ಒಂದೂವರೆ ಗಂಟೆ ತಡವಾಗಿ. ಹಸು ಉಳಿಯಿತು, ಕರು ಉಳಿಯಲಿಲ್ಲ. ಸಂಸ್ಥೆಯ ಮುಖ್ಯಸ್ಥೆ, ನಾವೆಲ್ಲ ಡಾಕ್ಟರ್ ಮೇಡಂ ಎನ್ನುತ್ತಿದ್ದ ಪಶುವೈದ್ಯೆ, ನನ್ನನ್ನು ಕರೆಸಿದರು.

‘ರೀ ನಾಗರಾಜ್, ಹಸು ನೋವು ತಿನ್ನೋವಾಗ ನಮ್ಮ ಡಿಸ್ಕ್ ಫುಲ್ ಆಗಿದೆ ಕಣಮ್ಮ ಅಂತ ಅದಕ್ಕೆ ಹೇಳ್ಲಾ? ಇದು ಯಾರ ಲಾಗಿನ್‌ನಿಂದ ಆಗ್ತಿದೆ ಹುಡುಕಿ. ಹುಡುಕಿ ಬಂದ್ ಮಾಡಿ. ಕಾಂಟ್ರಾಕ್ಟ್‌ನೋರಾದ್ರೆ ಈ ತಿಂಗಳೇ ರಿನ್ಯೂವಲ್ ಇದೆ, ನಾನು ಸೈನ್ ಹಾಕಲ್ಲ.’

ನಾನು ತಲೆಯಾಡಿಸಿದೆ. ನನ್ನದೂ ಕಾಂಟ್ರಾಕ್ಟೇ.

ಹೀಗೆ ಬಂದು ಮಾಯವಾಗುವುದು ತಾತ್ಕಾಲಿಕ ಫೈಲ್ ಇರಬೇಕು ಎಂದು ನನಗೆ ಅನುಮಾನ. ಹಾಗೆಂದರೇನು ಎಂದು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಕಡೆ ತೋಟದಲ್ಲಿ ಟೊಮ್ಯಾಟೊ ಗ್ರೇಡ್ ಮಾಡುವುದನ್ನು ನೋಡಿದವರಿಗೆ ಕಷ್ಟವಿಲ್ಲ. ನಾಲ್ಕು ಬುಟ್ಟಿ ಹಣ್ಣಾದರೆ ಮಡಿಲಲ್ಲೇ ಆರಿಸಬಹುದು. ನಾನೂರು ಬುಟ್ಟಿ ಬಂದರೆ ಅಂಗಳಕ್ಕೆ ಟಾರ್ಪಾಲು ಹಾಸಬೇಕು. ಡೇಟಾಬೇಸ್ ಕೂಡ ಹೀಗೆಯೇ. ಮಾಹಿತಿಯನ್ನು ದಿನಾಂಕದ ಪ್ರಕಾರವೋ ಹೆಸರಿನ ಪ್ರಕಾರವೋ ಜೋಡಿಸುವಾಗ ಮೆಮೊರಿ ಸಾಲದಿದ್ದರೆ ಡಿಸ್ಕಿನ ಮೇಲೆ ಹರಡಿಕೊಳ್ಳುತ್ತದೆ. ಆ ಹರಡಿದ್ದೇ ತಾತ್ಕಾಲಿಕ ಫೈಲು. ಕೆಲಸ ಮುಗಿದರೆ, ಇಲ್ಲವೇ ಜಾಗ ಸಾಲದೆ ಕೆಲಸ ಕೆಟ್ಟರೆ, ಟಾರ್ಪಾಲು ಮಡಚಿಕೊಂಡು ಹೋಗಿಬಿಡುತ್ತದೆ. ಒಂದು ಕಾಯಿಯೂ ಹಿಂದೆ ಉಳಿಯುವುದಿಲ್ಲ. ನಾನು ಹೋದಾಗಲೆಲ್ಲ ಅಂಗಳ ಗುಡಿಸಿದ ಹಾಗಿದ್ದುದು ಅದಕ್ಕೆ.

ಹತ್ತು ಸೆಕೆಂಡಿಗೊಮ್ಮೆ ಈ ಫೈಲುಗಳು ಬಂದು ಕೂಡುವ ಫೋಲ್ಡರನ್ನು ಇಣುಕಿ ಬರೆದುಕೊಳ್ಳುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಕೂರಿಸಿದೆ. ಶುಕ್ರವಾರ ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಮೊದಲ ಫೈಲು ಹುಟ್ಟಿತು. ಬೆಳೆಯುತ್ತ ಬೆಳೆಯುತ್ತ ಇಪ್ಪತ್ತು ಜಿಬಿ. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು. ಆಮೇಲೆ ಮತ್ತೊಂದು. ಇಂಥ ಫೈಲಿನ ಹೆಸರಿನಲ್ಲೇ ಅದನ್ನು ಬರೆಯುತ್ತಿರುವ ಕೆಲಸದ, ಅಂದರೆ ಪ್ರೊಸೆಸ್‌ನ ಸಂಖ್ಯೆ ಇರುತ್ತದೆ. ಪ್ರೊಸೆಸ್ ಹಿಡಿದರೆ ಯಾರ ಲಾಗಿನ್ ಎಂಬುದು ಸಿಗುತ್ತದೆ. ಮೂರಕ್ಕೂ ಒಂದೇ ಲಾಗಿನ್: ಯಲ್ದೂರು ಕೇಂದ್ರ, ರತ್ನಮ್ಮ.

ರತ್ನಮ್ಮನನ್ನು ನಾನು ತರಬೇತಿಯಲ್ಲಿ ಒಮ್ಮೆ ನೋಡಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ ನಮ್ಮ ಪಶು ಕೇಂದ್ರದ ಡೇಟಾ ಎಂಟ್ರಿಯವರು, ಕಾಂಟ್ರಾಕ್ಟಿನವರೇ, ನನ್ನದೇ ವಯಸ್ಸು, ಮನೆ ನಡೆಯುತ್ತಿದ್ದುದು ಅವರೊಬ್ಬರ ದುಡಿಮೆಯಿಂದ. ಲಾಗಿನ್ ಬಂದ್ ಮಾಡಲು ನನಗೆ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಆದರೆ ಒತ್ತಿದ ಮೇಲೂ ಫೈಲು ಬಂದರೆ? ತಪ್ಪಿಲ್ಲದ ಹೆಂಗಸಿನ ಅನ್ನ ಕಿತ್ತುಕೊಂಡೆನಾದರೆ? ಇದು ಕರುಣೆಯಲ್ಲ, ಗಾಬರಿ. ಆ ಸಂಜೆ ಹಳೆಯ ಬ್ಯಾಕಪ್‌ಗಳನ್ನು ಬೇರೆಡೆ ಸಾಗಿಸಿ ಸರ್ವರ್‌ನಲ್ಲಿ ಜಾಗ ಮಾಡಿದೆ. ಶನಿವಾರ ಬೆಳಗ್ಗೆ ಯಲ್ದೂರಿಗೆ ಹೊರಟೆ.

ಕೇಂದ್ರದ ಜಗಲಿಯಲ್ಲಿ ಐದಾರು ಹೆಂಗಸರು ಕುಳಿತಿದ್ದರು. ಡೇರಿಗೆ ಹಾಲು ಹಾಕಿ, ಮನೆಗೆಲಸ ಮುಗಿಸಿ ಬಂದವರು. ಒಬ್ಬರ ಕೈಯಲ್ಲೂ ಹಗ್ಗವಿಲ್ಲ, ಒಂದು ಹಸುವೂ ಇಲ್ಲ. ಪಶು ಕೇಂದ್ರಕ್ಕೆ ಹಸುವಿಲ್ಲದೆ ಯಾಕೆ ಬಂದಿದ್ದಾರೆ ಎಂದು ಹೊಸದೊಂದು ಚಿಂತೆ ಶುರುವಾಯಿತು. ಗಡಿಯಾರ ಹನ್ನೊಂದಕ್ಕೆ ಬಂತು. ವೆಂಕಟಲಕ್ಷ್ಮಮ್ಮ ಎಂಬ ಅರವತ್ತರ ಹೆಂಗಸು ಎದ್ದು ಕಂಪ್ಯೂಟರ್ ಹತ್ತಿರ ಹೋದರು.

‘ರತ್ನಾ, ನಮ್ ಗೌರೀನ ಒಂದ್ಸಲ ನೋಡೇ ತಾಯಿ.’

‘ತಡ್ಯಕ್ಕ, ಸರ್ವರ್ರು ಎದ್ದೇಳ್ಬೇಕು. ನಿನ್ನಂಗೆ ಕೋಳಿ ಕೂಗೋಕೆ ಏಳಲ್ಲ ಅದು.’

ರತ್ನಮ್ಮ ಹಸುವಿನ ಹೆಸರಿನ ಚೌಕದಲ್ಲಿ ಗೌರಿ ಎಂದು ಬರೆದರು. ಊರಿನ ಚೌಕ ಖಾಲಿ ಬಿಟ್ಟರು. ‘ಹುಡುಕು’ ಒತ್ತಿದರು. ಪರದೆ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದರು. ಮೂರನೆಯ ಸಲಕ್ಕೆ ಕೈ ಎತ್ತಿದಾಗ ನಾನು ಬಾಗಿಲಿಂದ ಹೆಚ್ಚು ಕಡಿಮೆ ಕಿರುಚಿದೆ.

‘ಎಷ್ಟು ಸಲ ಒತ್ತುತ್ತೀರಿ ರತ್ನಮ್ಮ!’

‘ಬರೋಗಂಟ ಸಾರ್. ಬೋರ್‌ವೆಲ್ ಮೋಟ್ರು ಒಂದೇ ಸಲಕ್ಕೆ ನೀರೆತ್ತುತ್ತಾ?’

ಕ್ಯಾಲನೂರಿನ ನಮ್ಮ ಮನೆಯಲ್ಲೂ ಬೋರ್‌ವೆಲ್ ಇದೆ. ಅದನ್ನು ಅಲ್ಲಿಗೇ ಬಿಟ್ಟು, ಊರಿನ ಹೆಸರು ಯಾಕೆ ಹಾಕಲಿಲ್ಲ ಎಂದು ಕೇಳಿದೆ.

‘ಹೆಂಗ್ ಹಾಕ್ಲಿ ಸಾರ್? ನಂಗೆ ಕಾಣ್ಸೋದು ನಮ್ ಹೋಬಳಿ ಊರುಗಳೇ. ಗೌರಿ ಇರೋದು ಮಾಲೂರ್ ಕಡೆ. ಖಾಲಿ ಬಿಟ್ರೆ ಎಲ್ಲಾ ಊರ್ದೂ ಬತ್ತವೆ.’

ಯಲ್ದೂರಿನ ಹಸು ಮಾಲೂರಿಗೆ ಹೋದದ್ದು ಹೇಗೆ ಎಂದು ಕೇಳಿದ್ದಕ್ಕೆ ಜಗಲಿಯ ಹೆಂಗಸರೆಲ್ಲ ನಕ್ಕರು. ಈ ಕಡೆ ಎಷ್ಟೋ ಮನೆಗಳಲ್ಲಿ ಮಗಳು ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಾಗ ತವರಿನವರು ಒಂದು ಹಾಲು ಕೊಡುವ ಹಸು ಜೊತೆಗೆ ಕಳಿಸುತ್ತಾರೆ. ನನ್ನ ತಂಗಿಯ ಹಿಂದೆಯೂ ಒಂದು ಹೋಗಿತ್ತು. ಅದನ್ನು ಟೆಂಪೊಗೆ ಹತ್ತಿಸಿದವನೇ ನಾನು. ಆದರೂ ಹೊಳೆದಿರಲಿಲ್ಲ. ಹೀಗೆ ಹೋದ ಹಸುಗಳ ಕಿವಿಯೋಲೆ ಸಂಖ್ಯೆ ಯಾವ ತಾಯಿಗೂ ನೆನಪಿಲ್ಲ. ಹೆಸರು ಮರೆತ ತಾಯಿಯೂ ಇಲ್ಲ.

ಎರಡು ನಿಮಿಷಕ್ಕೆ ಪರದೆ ತುಂಬ ಗೌರಿಯರು ಬಂದರು. ವೆಂಕಟಲಕ್ಷ್ಮಮ್ಮ ಫೋಟೊಗಳನ್ನು ಒಂದೊಂದಾಗಿ ತಳ್ಳಿಸಿ, ಹಣೆಯ ಮೇಲೆ ಬಿಳಿ ಚುಕ್ಕೆಯಿರುವ ಒಂದರ ಮೇಲೆ ಬೆರಳಿಟ್ಟರು.

‘ಐದು ತಿಂಗಳ ಗಬ್ಬ ಅಕ್ಕ. ಬುಧವಾರ ಕಾಲುಬಾಯಿ ಲಸಿಕೆ ಆಗೈತೆ,’ ಎಂದು ರತ್ನಮ್ಮ ಓದಿದರು.

‘ಅದಿರ್ಲಿ. ಯಾರು ಹೊಡ್ಕೊಂಡ್ ಬಂದವ್ರೆ ಅಂತ ಐತೆ?’

‘ಕರೆತಂದವರು... ಮಂಜುಳಾ.’

‘ಅವ್ಳೇನಾ? ಹೋದ್ಸಲ ಅತ್ತೆ ಹೆಸ್ರಿತ್ತು, ಅದ್ರ ಹಿಂದ್ಗಡೆ ಸಲಾನೂ ಅತ್ತೇದೇ. ಸರಿಯಾಗ್ ನೋಡೇ.’

‘ಅವ್ಳೇ ಅಕ್ಕ. ಮಂಜುಳಾ ಅಂತ್ಲೇ ಐತೆ.’

‘ಎದ್ದು ಓಡಾಡ್ತಾವ್ಳೆ ಹಂಗಾದ್ರೆ,’ ಎಂದು ವೆಂಕಟಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮಗಳು ಮಂಜುಳಾಗೆ ಎರಡನೆಯ ಹೆರಿಗೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತಂತೆ. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತಂತೆ.

ದಡ್ಡನ ಹಾಗೆ ನಾನು ಬಾಯಿ ಹಾಕಿದೆ. ‘ಫೋನ್ ಮಾಡಿ ಕೇಳಬಹುದಲ್ಲಮ್ಮ?’

‘ದಿನಾ ಮಾಡ್ತೀನಪ್ಪ. ತೆಲುಗಲ್ಲಿ ಕೇಳುದ್ರೆ ಬಾಗುನ್ನಾನಮ್ಮಾ ಅಂತಾಳೆ, ಕನ್ನಡದಾಗೆ ಕೇಳುದ್ರೆ ಚೆನ್ನಾಗಿದೀನಿ ಅಂತಾಳೆ. ಮೈ ಸುಡ್ತಿದ್ರೂ ಅದೇ ಅಂತಾಳೆ. ಹಸೂಗೆ ಹಂಗೆ ಸುಳ್ಳು ಹೇಳಕ್ಕೆ ಬರಲ್ಲ ನೋಡು.’

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ತಂತಮ್ಮ ಹಸುಗಳನ್ನು ಕೇಳಿಕೊಂಡು ಹೋದರು. ಒಂದೇ ಸಲ ಒತ್ತಿ ಕಾಯಿರಿ ಎಂದು ರತ್ನಮ್ಮನಿಗೆ ಹೇಳಿ ನಾನು ಪಕ್ಕದಲ್ಲೇ ಕುಳಿತಿದ್ದೆ. ಜಗಲಿ ಖಾಲಿಯಾದ ಮೇಲೆ ಅವರು ನನ್ನ ಮುಖ ನೋಡದೆ ಕೇಳಿದರು: ‘ಬೇರೆ ತಾಲ್ಲೂಕಿಂದು ನೋಡ್ಬಾರ್ದಿತ್ತು ಅಲ್ವಾ ಸಾರ್? ಲಾಗಿನ್ ಕಿತ್ಕೋತಾರಾ?’

ಇಲ್ಲ ಎನ್ನಲು ನನಗೆ ಅಧಿಕಾರವಿರಲಿಲ್ಲ. ಹೌದು ಎನ್ನಲು ಬಾಯಿ ಬರಲಿಲ್ಲ. ‘ನೋಡೋಣ’ ಎಂದೆ. ಅಷ್ಟು ಹೇಡಿ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ಕೋಲಾರದ ಕಚೇರಿಗೆ ಬಂದು ಆ ಹುಡುಕಾಟದ ಪ್ರೋಗ್ರಾಮನ್ನು ತೆರೆದೆ. ಅದಕ್ಕೂ ನಾಲ್ಕು ವರ್ಷ ಮೊದಲು ಅದನ್ನು ಬರೆದವನು ನಾನೇ. ಊರಿನ ದನಗಳ ಇಡೀ ದಾಖಲೆಯನ್ನು ಫೋಟೊ ಸಮೇತ ಒಟ್ಟುಮಾಡು, ದಿನಾಂಕದ ಪ್ರಕಾರ ಜೋಡಿಸು, ಆಮೇಲೆ ಅದರಲ್ಲಿ ಹೆಸರು ಹುಡುಕು ಎಂದು ಬರೆದಿದ್ದೆ. ಒಂದು ಊರಿಗೆ ಅದು ಮಡಿಲಲ್ಲಿ ಆಗುವ ಕೆಲಸ. ಊರು ಖಾಲಿ ಬಿಟ್ಟರೆ ನಾಲ್ಕು ತಾಲ್ಲೂಕಿನ ದನಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಹಿಂದಿನ ವಾರದ ಶನಿವಾರವಷ್ಟೇ ಹಳೆಯ ಕಾಗದದ ರಿಜಿಸ್ಟರುಗಳನ್ನೆಲ್ಲ ನಾನೇ ಕಂಪ್ಯೂಟರಿಗೆ ತುಂಬಿಸಿದ್ದೆ. ಸೋಮವಾರದಿಂದ ಅಂಗಳವೇ ಸಾಲದಾಗಿತ್ತು. ಪ್ರೋಗ್ರಾಮಿನಲ್ಲಿ ಊರಿನ ಚೌಕದ ಸಾಲಿನ ಪಕ್ಕದಲ್ಲಿ, ಮುಂದೆ ಓದುವವರಿಗಾಗಿ, ನಾನೇ ಬರೆದಿಟ್ಟ ಒಂದು ಟಿಪ್ಪಣಿ ಇತ್ತು: ‘ಇದನ್ನು ಯಾರೂ ಖಾಲಿ ಬಿಡುವುದಿಲ್ಲ.’

ಜೀವನದಲ್ಲಿ ನಾನು ಚಿಂತೆ ಮಾಡದೆ ಮುಂದೆ ಹೋದದ್ದು ಅದೊಂದೇ ಕಡೆ.

ಸೋಮವಾರ ಮೇಡಂ ಎದುರು ಕುಳಿತೆ. ರತ್ನಮ್ಮನ ಹೆಸರು ಹೇಳಿ ಎದ್ದು ಬರಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಟಿಪ್ಪಣಿಯ ಪ್ರಿಂಟ್ ಮೇಜಿನ ಮೇಲಿಟ್ಟು, ಯಲ್ದೂರಿನ ಜಗಲಿಯನ್ನೂ ಗೌರಿಯನ್ನೂ ಹೇಳಿ, ದೇವರಾಯಸಮುದ್ರದ ಕರು ನನ್ನ ಲೆಕ್ಕಕ್ಕೆ ಎಂದೆ. ಅವರು ಟಿಪ್ಪಣಿ ಓದಿ ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು.

‘ಹಂಗಾದ್ರೆ ನಿಮ್ಮ ಲಾಗಿನ್ ತೆಗೀಬೇಕಲ್ಲ್ರೀ?’

‘ತೆಗೀಬಹುದು ಮೇಡಂ. ರಿಪೇರಿ ಮಾಡಿದ್ಮೇಲೆ.’

‘ರಿಪೇರಿಗೆ ಎಷ್ಟು ದಿನ?’

‘ಎರಡು.’

‘ಬೇರೆ ತಾಲ್ಲೂಕಿಂದೂ ನೋಡ್ಲಿ, ಆದ್ರೆ ಹಸುವಿಂದು ಮಾತ್ರ ಕಾಣ್ಲಿ. ಮನೆಯವರ ಫೋನ್ ನಂಬರ್, ಆಧಾರ್ ಯಾವುದೂ ಬೇಡ.’ ನಾನು ಬಾಗಿಲು ತಲುಪಿದಾಗ ಮತ್ತೆ ಕರೆದರು. ‘ನಾಗರಾಜ್... ಕರೆತಂದವರ ಹೆಸರು ಇರ್ಲಿ. ಅದನ್ನ ತೆಗೀಬೇಡಿ.’

ರತ್ನಮ್ಮನ ರಿನ್ಯೂವಲ್‌ಗೆ ಆ ವಾರವೇ ಸಹಿ ಬಿತ್ತು. ನನ್ನದು ತಿಂಗಳ ಕೊನೆಯವರೆಗೂ ಮೇಡಂ ಮೇಜಿನ ಮೇಲೇ ಇತ್ತು. ಮೇಡಂ ಅದನ್ನು ಬೇಕೆಂದೇ ಮಾಡಿದ್ದು ಎಂಬುದು ನನ್ನ ಗುಮಾನಿ. ಮೊದಲು ಹೆಸರು ಹುಡುಕಿ ಆಮೇಲೆ ಜೋಡಿಸುವ ಹಾಗೆ ಪ್ರೋಗ್ರಾಮನ್ನು ತಿರುಗಿಸಿದೆ. ಎರಡು ನಿಮಿಷದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯತೊಡಗಿತು. ‘ಹುಡುಕು’ ಗುಂಡಿ ಒಮ್ಮೆ ಒತ್ತಿದರೆ ಉತ್ತರ ಬರುವವರೆಗೆ ಮತ್ತೆ ಒತ್ತಲಾಗದಂತೆ ಮಾಡಿದೆ. ಹಸುವಿನ ದಾಖಲೆಯಲ್ಲಿ ಹೊಸದಾಗಿ ಒಂದು ಕಾಲಂ ಸೇರಿಸಿದೆ: ‘ತವರು’. ಯಾವ ತಾಂತ್ರಿಕ ಪುಸ್ತಕವೂ ನನಗೆ ಆ ಕಾಲಂ ಕಲಿಸಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದೆಂದರೆ, ಫೈಲಿನ ಬೆನ್ನು ಹತ್ತಿದರೆ ಲಾಗಿನ್ ಸಿಗುತ್ತದೆ, ಅಲ್ಲಿಗೆ ಅರ್ಧ ದಾರಿ. ಉಳಿದರ್ಧಕ್ಕೆ ಬಸ್ಸು ಹತ್ತಿ ಹೋಗಿ ಆ ಮನುಷ್ಯರ ಪಕ್ಕದಲ್ಲಿ ಕೂರಬೇಕು. ಗಾಬರಿ ಬಿಡುವುದನ್ನು ಮಾತ್ರ ಅದು ಕಲಿಸಲಿಲ್ಲ. ಆದರೂ ನೋಟ್‌ಬುಕ್ ತೆರೆದಾಗ ಆ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುತ್ತೇನೆ. ಡಿಸ್ಕ್ ಸತ್ತಿರಲಿಲ್ಲ, ಈಗಲೂ ಓಡುತ್ತಿದೆ. ವೈರಸ್ ಇರಲಿಲ್ಲ, ಹೊರದೇಶದವನೂ ಇರಲಿಲ್ಲ. ಎಸಿ ನೀರು ಕೇಬಲ್ ಮುಟ್ಟಿರಲಿಲ್ಲ. ಇಲಿಯನ್ನು ನಾನು ಇಂದಿಗೂ ಕಂಡಿಲ್ಲ. ಆದದ್ದು ಇಷ್ಟೇ: ಮಗಳ ಮನೆಯ ಹಸುವನ್ನು ಹುಡುಕುವಾಗ, ಒಂದು ಚೌಕದಲ್ಲಿ ಊರಿನ ಹೆಸರು ಬರೆದಿರಲಿಲ್ಲ.