ನಮ್ಮವರದೇ ಮಗು

ಮೊನ್ನೆ ಬೆಳ್ಮಣ್‌ನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಗುವಿಗೆ ಕುಡಿಸಲೆಂದು ಗ್ರೈಪ್ ವಾಟರ್ ಬಾಟಲಿಯ ಮುಚ್ಚಳ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ನೆರೆಮನೆಯ ಅಕ್ಕ ಕಣ್ಣೆದುರು ಬಂದು ನಿಂತರು. ಅವರ ಸೆರಗಿಗೆ ಸದಾ ಅದೇ ವಾಸನೆಯಿತ್ತು... ಒಂದೂವರೆ ವರ್ಷ ಮಾತ್ರ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಾಗ ಊರಿನ ಅಂಗನವಾಡಿ ಟೀಚರ್. ಅಕ್ಕನ ಗಂಡ ಮಸ್ಕತ್‌ನಲ್ಲಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿಲ್ಲ. ಬಯಕೆ ಊಟಕ್ಕೆ ಅಕ್ಕನನ್ನೂ ಕರೆಯುತ್ತಿದ್ದರು. ಬಸುರಿಗೆ ಹೂ ಮುಡಿಸುವ ಹೊತ್ತಿಗೆ ಮಾತ್ರ "ನೀವು ಪಾಯಸ ನೋಡಿಕೊಳ್ಳಿ" ಎಂದು ಅಡುಗೆಮನೆಗೆ ಅಟ್ಟುತ್ತಿದ್ದರು. ಅಟ್ಟಿದವರಲ್ಲಿ ನಾನೂ ಒಬ್ಬಳು, ಸುಳ್ಳು ಯಾಕೆ ಹೇಳಲಿ?

ಒಂದು ದಿನ ಅವರು ಅಂಗನವಾಡಿಗೇ ಬಂದರು. "ಟೀಚರ್, ದತ್ತು ತಗೊಳ್ಳಲಿಕ್ಕೆ ಸರ್ಕಾರದಲ್ಲಿ ಎಂತ ದಾರಿ ಉಂಟು?"

ನನಗೆ ಗೊತ್ತಿತ್ತು, ಇಲಾಖೆಯ ತರಬೇತಿಯಲ್ಲಿ ಹೇಳಿದ್ದರು. ಮಾನ್ಯತೆ ಇರುವ ದತ್ತು ಕೇಂದ್ರದಲ್ಲಿ ಹೆಸರು ಬರೆಸಬೇಕು, ಅವರು ಮನೆಗೆ ಬಂದು ನೋಡುತ್ತಾರೆ, ಸರದಿ ಬಂದಾಗ ಮಗು, ಆಮೇಲೆ ಕೋರ್ಟಿನ ಆದೇಶ. ಆಸ್ಪತ್ರೆಯಿಂದ ಕೈಯಿಂದ ಕೈಗೆ ತಂದರೆ ಅಪರಾಧ. ಇಷ್ಟನ್ನೂ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಈ ಹಾಳು ಬಾಯಿ ಸುಮ್ಮನಿರಬೇಕಲ್ಲ! "ಆದ್ರೆ ಅಕ್ಕ, ಅಲ್ಲಿ ಜಾತಿ ಗೊತ್ತಾಗುವುದಿಲ್ಲ. ಯಾರದ್ದೋ ಎಂತದ್ದೋ..." ಎಂದುಬಿಟ್ಟೆ.

ಅಕ್ಕ ಕೇಂದ್ರದ ಕಡೆ ಹೋಗಲೇ ಇಲ್ಲ. ಕಾರ್ಕಳದ ಕಡೆಯ ನರ್ಸೊಬ್ಬಳು ಸಿಕ್ಕಿದಳು. ಮದುವೆಯಾಗದ ಹುಡುಗಿ ಹೆರುವ ಮಗುವಂತೆ, ನಮ್ಮವರದೇ ಮಗುವಂತೆ, ಕೋರ್ಟು ಗೀರ್ಟು ಬೇಡವಂತೆ, ಜನನ ಪತ್ರದಲ್ಲಿ ನೇರವಾಗಿ ಅಕ್ಕನದೇ ಹೆಸರಂತೆ. ಅಕ್ಕ ನಾಲ್ಕು ತಿಂಗಳು ಕಾಪುವಿನ ತವರಿನಲ್ಲಿದ್ದು, ಹೆಣ್ಣು ಕೂಸನ್ನೆತ್ತಿಕೊಂಡು ಬಂದರು. ತೊಟ್ಟಿಲಿಗೆ ಹಾಕುವ ದಿನ ಊರಿಡೀ ಹೊಟ್ಟೆ ತುಂಬ ಉಂಡಿತು. ನನಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಹೋಳಿಗೆ ಹಾಕಿಸಿಕೊಂಡೆ.

ಆ ಮಗು ಅಕ್ಕನ ಕಿವಿ ಹಿಡಿದುಕೊಂಡೇ ನಿದ್ದೆ ಮಾಡುತ್ತಿತ್ತು. ಅಕ್ಕ ಓಲೆ ಹಾಕುವುದನ್ನೇ ಬಿಟ್ಟಿದ್ದರು.

ಬೇರೊಂದು ಮಗುವಿನ ವಿಷಯದಲ್ಲಿ ಸಿಕ್ಕಿಬಿದ್ದ ಆ ನರ್ಸ್ ಎಲ್ಲ ಹೆಸರುಗಳನ್ನೂ ಕಕ್ಕಿದಳು. ಉಡುಪಿಯ ಮಕ್ಕಳ ಕಲ್ಯಾಣ ಸಮಿತಿಯ ಕಚೇರಿಗೆ ಅಕ್ಕನ ಜೊತೆ ನಾನೇ ಹೋದೆ. ಅಲ್ಲಿ ಗೋಡೆಗೆ ಒರಗಿ ಒಬ್ಬ ಹೆಂಗಸು ಕುಳಿತಿದ್ದಳು. ಮಣಿಪಾಲದಲ್ಲಿ ಕಟ್ಟಡದ ಕೆಲಸ, ಬಾಗಲಕೋಟೆ ಕಡೆಯವಳು. "ಕೂಸು ಸತ್ತೈತಿ ಅಂದ್ರುರೀ. ಮಾರೀನೂ ತೋರಿಸ್ಲಿಲ್ಲ ನನಗ..." ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

"ನಾನೇ ಹೆತ್ತದ್ದು, ಇಗೊಳ್ಳಿ ಕಾಗದ" ಎಂದು ಅಕ್ಕ ಜನನ ಪತ್ರ ಮುಂದೆ ಹಿಡಿದರು. ಅಧಿಕಾರಿ ಅದನ್ನು ತೆಗೆದುಕೊಂಡು ಸಾಕ್ಷಿ ಎಂದು ಫೈಲಿಗೆ ಸೇರಿಸಿದರು. ರಕ್ತ ಪರೀಕ್ಷೆಯ ವರದಿ ಬರುವ ತನಕ ಮಗು ಶಿಶುಗೃಹದಲ್ಲಿ ಎಂದಾಯಿತು. ಎತ್ತಿಕೊಳ್ಳಲು ಬಂದ ಶಿಶುಗೃಹದವಳು ಅಕ್ಕನ ಕಿವಿಯಿಂದ ಆ ಬೆರಳುಗಳನ್ನು ಬಿಡಿಸಿದಳು. ಮಗು ಕಿರುಚುತ್ತಿತ್ತು. ಅಕ್ಕ ಆ ಕೂಲಿಯ ಹೆಂಗಸಿನ ಕಡೆ ತಿರುಗಿ, "ನಿದ್ದೆ ಬರುವಾಗ ಕಿವಿ ಹಿಡೀತಾಳೆ. ಬಿಡಿಸ್ಬೇಡಿ" ಎಂದರು.

ವರದಿ ಬಂತು, ಮಗು ಹೆತ್ತವಳ ಕೈ ಸೇರಿತು. ನ್ಯಾಯವೇ. ಮಸ್ಕತ್‌ನಿಂದ ಗಂಡ ಫೋನಿನಲ್ಲಿ, "ಕೂಲಿಯವರ ಮಗುವಂತಲ್ಲ, ಹೋದ್ರೆ ಹೋಗ್ಲಿ" ಅಂದರಂತೆ. ಸಮಾಧಾನ ಹೇಳಲು ಹೋದ ನಾನೂ ಅದನ್ನೇ ಹೇಳಿದೆ: "ಹೇಗೂ ನಮ್ಮವರದ್ದಲ್ಲ ಅಲ್ವಾ ಅಕ್ಕ, ಬಿಡಿ."

ಅಕ್ಕ ನನ್ನತ್ತ ತಿರುಗಿದರು. "ಹೌದು ಟೀಚರ್. ನಿಮ್ಮವರದ್ದಲ್ಲ. ನನ್ನದು."

ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ. ಸುಳ್ಳು ಜನನ ಪತ್ರದ ಕೇಸು ಅವರ ಮೇಲೂ ಇದ್ದುದರಿಂದ ಯಾವ ದತ್ತು ಕೇಂದ್ರವೂ ಅವರ ಹೆಸರು ಬರೆದುಕೊಳ್ಳಲಿಲ್ಲ. ನಾನು ಅಂದು ಬಾಯಿ ಮುಚ್ಚಿಕೊಂಡಿದ್ದರೆ, ಎರಡೋ ಮೂರೋ ವರ್ಷ ಕಾದು, ಯಾರೂ ಕಿತ್ತುಕೊಳ್ಳಲಾಗದ ಮಗುವೊಂದು ಆ ಮನೆಯಲ್ಲಿ ಇರುತ್ತಿತ್ತು. ಕಳೆದ ವರ್ಷ ಅಕ್ಕ ತೀರಿಕೊಂಡರು. ಕ್ಷಮೆ ಕೇಳುತ್ತೇನೆ, ಕೇಳುತ್ತೇನೆ ಎಂದುಕೊಂಡೇ ಇಷ್ಟು ವರ್ಷ ಕಳೆದೆ...

ಈಗ ನನ್ನ ತಂಗಿಯ ಮಗಳು ದತ್ತು ತೆಗೆದುಕೊಳ್ಳಬೇಕೆಂದಿದ್ದಾಳೆ. ಅವಳನ್ನು ಕೂರಿಸಿಕೊಂಡು ಅಕ್ಕನ ಕತೆಯೆಲ್ಲ ಹೇಳಿದೆ, ನನ್ನ ಪಾಲನ್ನೂ ಬಿಡದೆ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು.

"ಪಾಪ ಅಲ್ವಾ..." ಎಂದಳು. ಆಮೇಲೆ, "ಆದ್ರೂ ದೊಡ್ಡಮ್ಮ, ಜಾತಿ ಗೊತ್ತಾಗುವ ಹಾಗೆ ಎಂತಾದ್ರೂ ದಾರಿ ಉಂಟಾ?"